ಮದುವೆಮನೆಯ ಪುಟ್ಟ ಬಾಟಲಿ

ದುದ್ದ ಸೀಮೆಯ ಮದುವೆಮನೆಯೊಂದರಲ್ಲಿ ಪಂಕ್ತಿಯೆದ್ದ ಮೇಲೆ, ಎಲೆ ತೆಗೆಯುವವರು ಬರುವುದಕ್ಕೆ ಮುನ್ನ, ಸಾಲಿನುದ್ದಕ್ಕೂ ಕಣ್ಣು ಹಾಯಿಸಿದೆನು. ಒಂದೊಂದು ಎಲೆಯ ಮಗ್ಗುಲಲ್ಲಿಯೂ ಗೇಣುದ್ದವಿಲ್ಲದ ಬಾಟಲಿ, ಎರಡು ಗುಟುಕು ಕುಡಿದು ಬಿಟ್ಟುದು; ಅವೆಲ್ಲವೂ ಮುದ್ದೆಯ ಚೂರುಗಳೊಡನೆ ಒಂದೇ ಮಂಕರಿಗೆ ಬಿದ್ದುವು. ಜಗ್ಗು ಹಿಡಿದು ನೀರು ಬಡಿಸುತ್ತಿದ್ದ ಕಾಲವನ್ನು ಬಲ್ಲ ಹಿರಿಯರೊಬ್ಬರನ್ನು ಕೇಳಿದರೆ, "ಬೋರ್ ನೀರಲ್ಲಿ ಬೇಳೇನೇ ಬೇಯಾಕಿಲ್ಲ ಕನಪ್ಪ, ನೆಂಟರಿಗೆ ಹೆಂಗೆ ಕೊಡದು?" ಎಂದರು.

ಆ ಮಾತಿನಲ್ಲಿ ವಿಜ್ಞಾನವೂ ಉಂಟು, ಮರ್ಯಾದೆಯ ಅಳುಕೂ ಉಂಟು. ಶಿಲಾಸ್ತರಗಳಲ್ಲಿ ಬಹುಕಾಲ ತಂಗಿದ ಜಲವು ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಆ ಕ್ಯಾಲ್ಸಿಯಂ ಬೇಳೆಯ ಕೋಶಗಳನ್ನು ಬೆಸೆದಿರುವ ಪೆಕ್ಟಿನ್ನನ್ನು ಬಿಗಿಗೊಳಿಸುವುದರಿಂದ ಬೇಳೆ ಮೆದುವಾಗದು. ಆದರೆ ಬೇಳೆ ಬೇಯದ ನೀರೆಲ್ಲವೂ ಪಾನಕ್ಕೆ ಅಯೋಗ್ಯವಲ್ಲ. ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡಾದರೋ ನಾಲಗೆಗೆ ತಿಳಿಯುವಂಥದೇ ಅಲ್ಲ. ಲೀಟರಿಗೆ 1.5 ಮಿಲಿಗ್ರಾಮಿನ ಮೇಲೆ ಅದು ಇರಕೂಡದೆಂದು ಭಾರತೀಯ ಮಾನಕ ವಿಧಿಸಿದೆ, ಅದನ್ನು ಕಾಣಿಸಬಲ್ಲುದು ಪರೀಕ್ಷೆಯೊಂದೇ.

ಬಾಟಲಿಯ ಮೂಲದ್ರವ್ಯ ಪೆಟ್ರೋಲಿಯಂ. ಅದರಿಂದ ಪೆಟ್ ಎಂಬ ಪ್ಲಾಸ್ಟಿಕ್ಕನ್ನು ತಯಾರಿಸಿ, ಊದಿ ಬಾಟಲಿ ಮಾಡಿ, ತುಂಬಿ, ಲಾರಿಯಲ್ಲಿ ಸಾಗಿಸಿ, ತಣಿಸಿಡುವಷ್ಟರಲ್ಲಿ ಒಂದು ಲೀಟರ್ ನೀರಿಗೆ 5,600ರಿಂದ 10,200 ಕಿಲೋಜೂಲ್ ಶಕ್ತಿ ವ್ಯಯವಾಗುವುದೆಂದು ಅಮೆರಿಕದ ಸಂಶೋಧಕರಾದ ಪೀಟರ್ ಗ್ಲೀಕ್ ಮತ್ತು ಹೆದರ್ ಕೂಲಿ 2009ರಲ್ಲಿ ಗಣಿಸಿದರು. ಈ ಅಂಕಿಯನ್ನು ತೂಗಿನೋಡಲು ನಮ್ಮ ಮಂಡ್ಯ ಜಿಲ್ಲೆಯಲ್ಲಿಯೇ ತಕ್ಕಡಿಯೊಂದಿದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯು ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಏರಿ, ಸುಮಾರು 100 ಕಿಲೋಮೀಟರ್ ಸಾಗಿ, 1974ರಿಂದ ಬೆಂಗಳೂರಿನ ನಲ್ಲಿಗಳಿಗೆ ಬರುತ್ತಿದ್ದಾಳೆ. 2024ರ ಅಕ್ಟೋಬರಿನಲ್ಲಿ ಈ ಯೋಜನೆಯ ಐದನೆಯ ಹಂತವೂ ಉದ್ಘಾಟನೆಯಾಯಿತು. ಒಂದು ಲೀಟರನ್ನು ಅಷ್ಟು ಎತ್ತರಕ್ಕೆ ಎತ್ತಲು ತತ್ತ್ವತಃ ಬೇಕಾದುದು ಸುಮಾರು 5 ಕಿಲೋಜೂಲ್; ಯಂತ್ರಗಳ, ಕೊಳವೆಗಳ ನಷ್ಟವನ್ನು ಸೇರಿಸಿ ಇಮ್ಮಡಿಯೆಂದು ಹಿಡಿದರೂ 10. ದುಬಾರಿಯೆಂದು ನಾವು ನಿಟ್ಟುಸಿರಿಡುವ ಆ ನಲ್ಲಿ ನೀರಿಗಿಂತ ಬಾಟಲಿಯ ನೀರು ಐನೂರು ಪಟ್ಟಿಗೂ ಮಿಗಿಲಾಗಿ ಶಕ್ತಿಯನ್ನು ನುಂಗುತ್ತದೆ.

ಕುಡಿದೆಸೆದ ಮೇಲಿನ ಕತೆಯನ್ನು ಕಾಲುವೆ ಹೇಳುತ್ತದೆ. ಪೆಟ್ ನೀರಿಗಿಂತ ಸಾಂದ್ರ, ಮುಚ್ಚಳದ ಪ್ಲಾಸ್ಟಿಕ್ ಹಗುರ. ಆದುದರಿಂದ ತೂಬಿನ ಬಾಯಲ್ಲಿ ಬಣ್ಣದ ಮುಚ್ಚಳಗಳು ತೇಲುತ್ತ ಗುಂಪುಗೂಡಿದ್ದರೆ, ಅವುಗಳ ಬಾಟಲಿಗಳು ಕೆಳಗೆ ಕೆಸರಿನಲ್ಲಿ ಹೂತಿರುವುವೆಂದು ತಿಳಿಯತಕ್ಕದ್ದು. ಶುದ್ಧಿಯ ಭ್ರಮೆಯೂ ನಿಲ್ಲದು: ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2024ರಲ್ಲಿ ಬಾಟಲಿ ನೀರಿನ ಪ್ರತಿ ಲೀಟರಿನಲ್ಲಿ ಸರಾಸರಿ 2,40,000 ಪ್ಲಾಸ್ಟಿಕ್ ಕಣಗಳನ್ನು ಎಣಿಸಿದರು.

ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಬಾಟಲಿಗಿಂತ ಎಷ್ಟೋ ಮೇಲು, ಏಕೆಂದರೆ ಪಾತ್ರೆ ಮರಳಿ ಬಳಕೆಗೆ ಬರುತ್ತದೆ. ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ಆ ಯಂತ್ರ ಲವಣ ಕೂಡಿದ ನೀರನ್ನು ಹೊರಚೆಲ್ಲುತ್ತದೆಂಬುದೂ ನಿಜವೇ. ಅದು ಚರಂಡಿಗೆ ಹೋಗದೆ ನೆಲ, ಪಾತ್ರೆ ತೊಳೆಯಲಾದರೂ ಒದಗಬೇಕು. ನನ್ನನ್ನು ಹೆಚ್ಚು ಕಾಡುವುದು ಬೇರೊಂದು. ಕೊಳ್ಳಬಲ್ಲವರು ಬಾಟಲಿಗೆ ತಿರುಗಿಕೊಂಡರೆ, ಮೇಲ್ತೊಟ್ಟಿಯನ್ನು ತೊಳೆಸಿರೆಂದೂ, ನೀರನ್ನು ಪರೀಕ್ಷಿಸಿರೆಂದೂ ಪಂಚಾಯಿತಿಯ ಮುಂದೆ ನಿಂತು ಕೇಳುವವರು ಉಳಿಯುವುದಿಲ್ಲ. ಕಬ್ಬು ಕಡಿಯಲು ಬಂದ ಕೂಲಿಯವರು ಮಾತ್ರ ಇದ್ದುದನ್ನೇ ಕುಡಿಯಬೇಕಾಗುತ್ತದೆ.

ಅದೇ ಮದುವೆಮನೆಯ ಹಿತ್ತಿಲಲ್ಲಿ ಅಡುಗೆಯವರು ಘಟಕದ ನೀರನ್ನು ಮಣ್ಣಿನ ಹರವಿಗೆ ತುಂಬಿಟ್ಟಿದ್ದರು. ಸುತ್ತಿದ ಒದ್ದೆ ಬಟ್ಟೆ ಆರುತ್ತಾರುತ್ತ ಒಳಗಣ ಶಾಖವನ್ನು ಸೆಳೆದು ನೀರನ್ನು ತಣ್ಣಗಿರಿಸಿತ್ತು. ಒಂದು ಲೋಟ ಕೇಳಿದೆನು. ಜೊತೆಗೆ ಒಂದು ಚೂರು ಅಚ್ಚುಬೆಲ್ಲವನ್ನೂ ಕೊಟ್ಟರು.