ನಿಮಗಿದು ಗೊತ್ತೇ? ಮರಳಿಗೂ ಒಂದು ಶ್ರುತಿಯಿದೆ!

ವ್ಯಾಕ್ಯೂಮ್ ಪ್ಯಾಕಿನ ಕಾಫಿಪುಡಿ ತಂದಾಗ ಒಮ್ಮೆ ಬೆರಳಿನಿಂದ ಕುಟ್ಟಿ ನೋಡಿ. ಇಟ್ಟಿಗೆಯಷ್ಟು ಗಟ್ಟಿ! ಕತ್ತರಿ ಹಾಕಿದ್ದೇ ತಡ, ಗಾಳಿ ಒಳನುಗ್ಗಿ ಪುಡಿ ಸಡಿಲವಾಗುತ್ತದೆ. ಪ್ರಯೋಗಾಲಯದಲ್ಲಿ ಒಣ ಮರಳನ್ನು ಕಂಬದಂತೆ ನಿಲ್ಲಿಸುವುದೂ ಹೀಗೆಯೇ. ಎರಡು ಹೋಳಿನ ಅಚ್ಚು, ಅದರೊಳಗೆ ತೆಳು ರಬ್ಬರ್ ಚೀಲ, ಚೀಲದ ತುಂಬ ಮರಳು. ಪಂಪಿನಿಂದ ಗಾಳಿ ಎಳೆದು ಅಚ್ಚು ಬಿಚ್ಚಿದರೆ ಮರಳು ಕುಸಿಯದೆ ನೆಟ್ಟಗೆ ನಿಂತಿರುತ್ತದೆ. ಅದನ್ನು ಅದುಮಿ ಹಿಡಿದಿರುವುದು ಹೊರಗಿನ ಗಾಳಿಯ ಒತ್ತಡ, ಅಷ್ಟೇ.

ಆ ಒತ್ತಡ ನಾಲ್ಕು ಪಟ್ಟಾದರೆ ಮರಳಿನ ಬಿಗುವು, ಅಂದರೆ ಆಕಾರ ಬದಲಾಗದಂತೆ ಅದು ಒಡ್ಡುವ ಪ್ರತಿರೋಧ, ಸುಮಾರು ಎರಡು ಪಟ್ಟಾಗುತ್ತದೆ.

ಪಾವಿಗೆ ಅಕ್ಕಿ ತುಂಬಿ ತಟ್ಟಿದರೆ ಇನ್ನೊಂದು ಹಿಡಿ ಹಿಡಿಸುತ್ತದಲ್ಲ? ಮರಳೂ ಹಾಗೆಯೇ. ಅಚ್ಚಿಗೆ ಅದನ್ನು ಮಳೆಯಂತೆ ಸುರಿಸುತ್ತಾರೆ. ಸಾಮಾನ್ಯವಾಗಿ, ಹೆಚ್ಚು ಎತ್ತರದಿಂದ ಬಿದ್ದಷ್ಟೂ ಕಣಗಳು ಒತ್ತಾಗಿ ಕೂರುತ್ತವೆ.

ಸಂಶೋಧಕರ ಅಚ್ಚುಮೆಚ್ಚಿನ ‘ಒಟ್ಟಾವಾ ಮರಳು’ ಕೆನಡಾದ್ದಲ್ಲ, ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನದು. ಸಿಮೆಂಟ್ ಪರೀಕ್ಷೆಗೆ ನಮ್ಮ ದೇಶದ ಪ್ರಮಾಣಿತ ಮರಳು ತಮಿಳುನಾಡಿನ ಎಣ್ಣೂರಿನದು.

ಮರಳಿನ ಬಿಗುವು ಅಳೆಯುವ ಪರೀಕ್ಷೆಗಳಲ್ಲೆಲ್ಲ ನನಗೆ ತುಂಬ ಚೆಂದ ಕಾಣುವುದು ‘ರೆಸೊನೆಂಟ್ ಕಾಲಂ’. ಮರಳಿನ ಕಂಬದ ಬುಡವನ್ನು ಬಿಗಿದು, ನೆತ್ತಿಯನ್ನು ಅಯಸ್ಕಾಂತ ಮತ್ತು ತಂತಿಸುರುಳಿಗಳಿಂದ ಅತ್ತಿತ್ತ ಮೆಲ್ಲಗೆ ತಿರುಚುತ್ತಾರೆ. ತಿರುಚುವ ವೇಗ ಏರಿಸುತ್ತ ಹೋದಂತೆ ಒಂದು ಹಂತದಲ್ಲಿ ಕಂಬ ತಾನಾಗಿ ಜೋರಾಗಿ ಕಂಪಿಸತೊಡಗುತ್ತದೆ. ಅದೇ ಅದರ ಶ್ರುತಿ. ತಂಬೂರಿಯ ತಂತಿ ಬಿಗಿದಷ್ಟೂ ಶ್ರುತಿ ಏರುವ ಹಾಗೆ, ಮರಳು ಬಿಗಿಯಾದಷ್ಟೂ ಈ ಕಂಪನಾಂಕವೂ ಏರುತ್ತದೆ. ಆಮೇಲೆ ವಿದ್ಯುತ್ ಕಡಿದು, ಕಂಪನ ಎಷ್ಟು ಬೇಗ ಅಡಗಿತೆಂದು ನೋಡಿದರೆ ಮರಳು ಎಷ್ಟು ಶಕ್ತಿಯನ್ನು ನುಂಗಿಕೊಂಡಿತೆಂಬ ಲೆಕ್ಕವೂ ಸಿಗುತ್ತದೆ. ಜಪಾನಿನ ಕುಮಿಜಿ ಈಡಾ 1938ರಷ್ಟು ಹಿಂದೆಯೇ ಮರಳಿನ ಕಂಬಗಳನ್ನು ಕಂಪಿಸಿ, ಅವುಗಳಲ್ಲಿ ಅಲೆಗಳ ವೇಗವನ್ನು ಅಳೆದಿದ್ದರು.

100 ಮಿಲಿಮೀಟರ್ ಎತ್ತರದ ಮರಳಿನ ನೆತ್ತಿ ಪಕ್ಕಕ್ಕೆ ಮಿಲಿಮೀಟರಿನ ಸಾವಿರದ ಒಂದು ಪಾಲು ಸರಿದರೆ ಅದು ಸ್ಪ್ರಿಂಗಿನಂತೆ ಹಿಂದಿರುಗುತ್ತದೆ. ಅದರ ನೂರು ಪಟ್ಟು ಸರಿದರೆ ಬಿಗುವು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆದ್ದರಿಂದ ‘ಈ ಮರಳಿನ ಬಿಗುವು ಇಷ್ಟು’ ಎಂದು ಒಂದೇ ಅಂಕಿ ಕೊಟ್ಟು ಮುಗಿಸುವ ವರದಿ ಸಾಲದು. ಎಷ್ಟು ಅಲುಗಿಸಿದಾಗ ಎಂಬುದನ್ನೂ ಅದು ಹೇಳಲೇಬೇಕು.

ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದಾಗ ಕಿಡಿ ಹಾರುವುದು ಪೀಜೋ ಹರಳಿನಿಂದ. ಅದೇ ಜಾತಿಯ ಪುಟ್ಟ ಬಿಲ್ಲೆಗಳನ್ನು ಮರಳಿನ ಬುಡದಲ್ಲೊಂದು, ನೆತ್ತಿಯಲ್ಲೊಂದು ನಾಟುತ್ತಾರೆ. ವಿದ್ಯುತ್ ಕೊಟ್ಟರೆ ಒಂದು ಬಾಗಿ ಅಲೆ ಎಬ್ಬಿಸುತ್ತದೆ, ಇನ್ನೊಂದು ಆ ಅಲೆಗೆ ಬಾಗಿ ವಿದ್ಯುತ್ ಹುಟ್ಟಿಸುತ್ತದೆ. ನಡುವೆ ಹಿಡಿದ ಹೊತ್ತಿನಿಂದ ಅಲೆಯ ವೇಗ, ವೇಗದಿಂದ ಮರಳಿನ ಬಿಗುವು ತಿಳಿಯುತ್ತದೆ. ಸೆಕೆಂಡಿಗೆ 200 ಮೀಟರ್ ವೇಗದ ಅಲೆಗೆ 100 ಮಿಲಿಮೀಟರ್ ದಾಟಲು ಬೇಕಾದದ್ದು ಸೆಕೆಂಡಿನ ಎರಡು ಸಾವಿರದ ಒಂದು ಪಾಲು.

ಮರಳಿನ ಸಂದುಗಳಲ್ಲಿ ನೀರು ಪೂರ್ತಿ ತುಂಬಿದ್ದರೆ ಒತ್ತುವ ಅಲೆ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಅದು ಹೆಚ್ಚುಕಡಿಮೆ ನೀರಿನದೇ ವೇಗ. ಅಡ್ಡಕ್ಕೆ ಅಲುಗಿಸುವ ಅಲೆ ನೀರಿನಲ್ಲಿ ಸಾಗದು. ಕಣದಿಂದ ಕಣಕ್ಕೆ ದಾಟಬೇಕು. ಕಣಗಳ ಹಿಡಿತ ತಿಳಿಯಲು ಅದನ್ನೇ ಕೇಳಬೇಕು.

1964ರ ಜೂನ್ 16ರಂದು ಜಪಾನಿನ ನೀಗಾಟಾದಲ್ಲಿ ಭೂಮಿ ನಡುಗಿದಾಗ ಆ ಹಿಡಿತವೇ ತಪ್ಪಿ ಮರಳು ದ್ರವದಂತಾಯಿತು. ಕಾವಾಗಿಶಿ-ಚೋ ವಸತಿ ಸಮುಚ್ಚಯದ ಕಾಂಕ್ರೀಟ್ ಕಟ್ಟಡಗಳು ಗೋಡೆ ಒಡೆಯದೆಯೇ ವಾಲಿದವು. ಒಂದಂತೂ ಬಹುತೇಕ ಮಲಗಿಯೇ ಬಿಟ್ಟಿತು.

2001ರ ಭುಜ್ ಭೂಕಂಪದಲ್ಲಿ ಕಚ್ಛಿನ ರಣ್‌ನಲ್ಲೂ ನೆಲ ಬಿರಿದು ಮರಳುನೀರು ಉಕ್ಕಿತು. ಆ ಬಳಿಕ ಅಹಮದಾಬಾದಿನ ಸಾಬರಮತಿ ತೀರದ ಮರಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಅಲ್ಲಿನ ಯಂತ್ರದಲ್ಲಿ ಮತ್ತೆ ಮತ್ತೆ ಅದುಮಿಸಿಕೊಂಡಿತು.

ನೆಲದೊಳಗಿನ ಮರಳನ್ನು ಇದ್ದಂತೆಯೇ ಎತ್ತುವುದು ಹೇಗೆ? ಜಪಾನಿನ ಎಂಜಿನಿಯರುಗಳು ನೆಲಕ್ಕೆ ಕೊಳವೆ ಇಳಿಸಿ, ಸುತ್ತಲಿನ ತೇವ ಮರಳನ್ನು ಹೆಪ್ಪುಗಟ್ಟಿಸಿ ಗಟ್ಟಿ ಕಂಬವಾಗಿ ಕೊರೆದು ತೆಗೆದರು. ಪ್ರಯೋಗಾಲಯದಲ್ಲಿ ಕರಗಿಸಿ ಅಲುಗಿಸಿದಾಗ ಅದು ಚೆನ್ನಾಗಿಯೇ ತಾಳಿಕೊಂಡಿತು. ಅದೇ ಮರಳನ್ನು ಕೆದರಿ ಅಷ್ಟೇ ಒತ್ತಾಗಿ ಮತ್ತೆ ತುಂಬಿದಾಗ ಮೊದಲಿನ ತಾಳಿಕೆ ಬರಲಿಲ್ಲ.