ಹಡ್ಸನ್ ಕೊಲ್ಲಿಯ ಕೆಂಪು ಕಲ್ಲುಗಳು

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದಲ್ಲಿ, ಹಡ್ಸನ್ ಕೊಲ್ಲಿಯ ಪೂರ್ವ ದಂಡೆಗೆ ಅಂಟಿಕೊಂಡಂತೆ ನುವ್ವುಆಗಿತ್ತುಕ್ ಎಂಬ ಬಂಡೆಗಳ ಹರವು ಇದೆ. ವಿಸ್ತೀರ್ಣ ಸುಮಾರು 10 ಚದರ ಕಿ.ಮೀ. ಮಾತ್ರ. ಮರಗಳಿಲ್ಲದ ಈ ಶೀತನಾಡಿಗೆ ಹತ್ತಿರದ ಊರು ಇನುಯಿಟ್ ಜನರ ಇನುಕ್‌ಜುವಾಕ್.

ಈ ಬಂಡೆಗಳು ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದವು. ಅವುಗಳ ವಯಸ್ಸು ಕನಿಷ್ಠ 377 ಕೋಟಿ ವರ್ಷ; 428 ಕೋಟಿ ಎನ್ನುವವರೂ ಇದ್ದಾರೆ. ಭೂಮಿಗೇ ಈಗ ಸುಮಾರು 454 ಕೋಟಿ ವರ್ಷ. ಅಂದಿನ ಕಡಲ ತಳದ ಬಿರುಕುಗಳಿಂದ ಕಬ್ಬಿಣ ಕರಗಿದ ಬಿಸಿನೀರು ಉಕ್ಕುತ್ತಿತ್ತು. ಇಂದಿನ ಸಾಗರಗಳಲ್ಲೂ ಅಂಥ ಬುಗ್ಗೆಗಳಿವೆ. ಅಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆ ಕಬ್ಬಿಣವನ್ನೇ ಉಂಡು ಬದುಕುತ್ತವೆ, ತಮ್ಮ ಸುತ್ತ ತುಕ್ಕಿನ ಎಳೆಗಳನ್ನೂ ಕೊಳವೆಗಳನ್ನೂ ಕಟ್ಟಿಕೊಳ್ಳುತ್ತವೆ.

ನುವ್ವುಆಗಿತ್ತುಕ್‌ನ ಕೆಂಪು ಜಾಸ್ಪರ್ ಕಲ್ಲಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದೂ ಅಂಥದ್ದೇ: ಹೆಮಟೈಟ್ ಎಂಬ ಕಬ್ಬಿಣದ ಖನಿಜದ, ಕೂದಲಿಗಿಂತ ತೆಳ್ಳಗಿನ ಎಳೆಗಳು, ಕೊಳವೆಗಳು. ಜೊತೆಗೆ ಗ್ರಾಫೈಟ್ ಮತ್ತು ನಮ್ಮ ಮೂಳೆ, ಹಲ್ಲುಗಳಲ್ಲಿರುವ ಬಗೆಯ ಅಪಟೈಟ್ ಖನಿಜ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮ್ಯಾಥ್ಯೂ ಡಾಡ್, ಡೊಮಿನಿಕ್ ಪಾಪಿನೋ ಮತ್ತು ಸಂಗಡಿಗರು 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಎಳೆ, ಕೊಳವೆಗಳನ್ನು ಸೂಕ್ಷ್ಮಜೀವಿಗಳ ಪಳೆಯುಳಿಕೆಗಳೆಂದರು. 2022ರಲ್ಲಿ ಪಾಪಿನೋ ತಂಡ ಇನ್ನೊಂದು ರಚನೆಯನ್ನು ಮುಂದಿಟ್ಟಿತು: ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಾಂಡ, ಅದರ ಒಂದೇ ಬದಿಗೆ ಸಮಾನಾಂತರ ಕವಲುಗಳು.

ಎಲ್ಲರೂ ಒಪ್ಪಿಲ್ಲ. ಕಬ್ಬಿಣದ ಲವಣ ಮತ್ತು ಸಿಲಿಕೇಟ್ ದ್ರಾವಣ ಸೇರಿದರೆ ಜೀವದ ನೆರವಿಲ್ಲದೆಯೂ ಇಂಥ ಎಳೆಗಳು ಬೆಳೆಯುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಈ ಬಂಡೆಗಳು ಭೂಗರ್ಭದ ಬಿಸಿ, ಒತ್ತಡಕ್ಕೆ ಸಿಕ್ಕಿ ಸಾಕಷ್ಟು ಬದಲಾಗಿವೆ ಕೂಡ. ಆಕ್ಷೇಪ ನ್ಯಾಯವಾದದ್ದೇ. ಆದರೂ ಎಳೆ, ಕೊಳವೆ, ಗ್ರಾಫೈಟ್, ಅಪಟೈಟ್ ಎಲ್ಲವೂ ಒಂದೇ ಕಲ್ಲಿನಲ್ಲಿ, ಅದೂ ಬಿಸಿನೀರ ಬುಗ್ಗೆಯ ನೆರೆಯಲ್ಲಿ ಕೂಡಿರುವುದನ್ನು ಬರೀ ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಈ ಶೋಧ, ಚರ್ಚೆಗಳು ತಂದ ಖ್ಯಾತಿಗೆ ಬಂಡೆಗಳೇ ಬೆಲೆ ತೆತ್ತಿವೆ. ಮಾದರಿಗಾಗಿ ಕಲ್ಲು ಕತ್ತರಿಸಿ ಒಯ್ದವರು ಉಳಿಸಿಹೋದ ಗಾಯಗಳನ್ನು ಕಂಡು ನೊಂದ ಇನುಕ್‌ಜುವಾಕ್‌ನ ಜನ ಹೊರಗಿನವರು ಇಲ್ಲಿ ಕಲ್ಲು ತೆಗೆಯುವುದನ್ನು ತಡೆದಿದ್ದಾರೆ. ಅವರು ಮಾಡಿದ್ದು ಸರಿ. ಸಂಶೋಧನೆ ನಿಲ್ಲಬೇಕೆಂಬುದು ಅವರ ಹಟವಲ್ಲ. ಈ ನೆಲವನ್ನು ಸಂರಕ್ಷಿತ ಉದ್ಯಾನವಾಗಿಸಿ, ಅಧ್ಯಯನಕ್ಕೆ ಬರುವವರು ತಮ್ಮೊಡನೆ ಮಾತಾಡಿ ಮುಂದುವರಿಯುವಂತಾಗಲಿ ಎಂಬುದು ಅವರ ಬೇಡಿಕೆ.