ಪಾಕವಿಧಿಯೂ ನಾಲಗೆಯ ರುಚಿಯೂ

ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (ಸು. ಕ್ರಿ.ಶ. 1025) ಇಡ್ಡಲಿಗೆಯ ವಿಧಿಯನ್ನು ಹೇಳುತ್ತದೆ: ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಬೆರೆಸಬೇಕು. ಅಲ್ಲಿ ಅಕ್ಕಿಯ ಮಾತೇ ಇಲ್ಲ. ಗ್ರಾಂಟ್ ರೋಡಿನ ಕನ್ನಡ ಮನೆಗಳ ಇಂದಿನ ಇಡ್ಲಿಯಲ್ಲಾದರೋ ಅಕ್ಕಿಯದೇ ಹೆಚ್ಚಿನ ಪಾಲು. ಆದುದರಿಂದ ರುಚಿಗೆ ತಕ್ಕ ಮಾರ್ಪಾಡು ಸಂಪ್ರದಾಯಕ್ಕೆ ದ್ರೋಹವೆನ್ನಲಾಗದು. ಸಂಪ್ರದಾಯವು ಬೆಳೆದುದೇ ಹಾಗೆ.

ಆದರೆ ಮಾರ್ಪಾಡಿಗೂ ಕ್ರಮವುಂಟು. ಮುಂಬಯಿಯ ಅನೇಕ ಉಡುಪಿ ಹೋಟೆಲುಗಳು ಗಿರಾಕಿಗಳ ನಾಲಗೆಯನ್ನರಿತು ಸಾಂಬಾರನ್ನು ಸಿಹಿಯಾಗಿಸಿದರೂ ಹುಣಿಸೆಯ ಹುಳಿಯನ್ನು ಬಿಡಲಿಲ್ಲ. ಮನೆಯಲ್ಲಿಯೂ ಬೆಲ್ಲ ಹೆಚ್ಚಿದರೆ ಹುಳಿಯನ್ನು ಸರಿದೂಗಿಸಬೇಕು. ಮಕ್ಕಳಿಗಾಗಿ ಖಾರ ತಗ್ಗಿಸುವಾಗ ಬ್ಯಾಡಗಿ ಮೆಣಸಿನಕಾಯಿಯನ್ನು ಬಳಸಿದರೆ ಬಣ್ಣ ಕುಂದದು. ಒಂದು ಸಲಕ್ಕೆ ಒಂದೇ ಪದಾರ್ಥವನ್ನು ಬದಲಿಸಿದರೆ ಮಾತ್ರ ಗುಣದೋಷಗಳು ತಿಳಿಯುವುವು. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳು ಬಯಸಿ ಉಣ್ಣುವ ಅಡಿಗೆಯೇ ಮುಂದಿನ ತಲೆಮಾರಿಗೆ ಉಳಿಯುವುದು.